ಮುಳ್ಳು ತೋರಿಸಿದ ದಿಕ್ಕು

"ಮೈಮೇಲೆ ಲೋಹದ್ದು ಏನಾದರೂ ಇದೆಯೇ?"

ಈ ಒಂದು ಪ್ರಶ್ನೆ ಕೇಳಿ ಕೇಳಿಯೇ ಸೀತಾಬಾಯಿ ಶುಗರ್ ಲ್ಯಾಂಡಿನಲ್ಲಿ ಮನೆ ಕಟ್ಟಿಸಿದಳು, ಮಗಳನ್ನು ಓದಿಸಿದಳು, ತಲೆಗೂದಲು ನರೆಸಿಕೊಂಡಳು. ಹ್ಯೂಸ್ಟನ್ನಿನ ಒಂದು ಸ್ಕ್ಯಾನಿಂಗ್ ಸೆಂಟರಿನಲ್ಲಿ ಎಂ.ಆರ್.ಐ. ಯಂತ್ರ ನಡೆಸುವುದು ಅವಳ ಕೆಲಸ. ಆ ಯಂತ್ರವೆಂದರೆ ಮನುಷ್ಯನನ್ನು ಒಳಗೆ ಮಲಗಿಸಿಕೊಳ್ಳುವಷ್ಟು ದೊಡ್ಡ ಅಯಸ್ಕಾಂತ. ಆ ಕೋಣೆಗೆ ಒಂದು ಕತ್ತರಿ ಹೋದರೂ ಹಾರಿ ಬಂದು ಯಾರ ಕಣ್ಣಿಗಾದರೂ ನಾಟೀತು. ಹಾಗಾಗಿ ಉಂಗುರ, ಬಳೆ, ಹೇರ್‌ಪಿನ್ನು, ಒಳಜೇಬಿನ ಕೀಲಿಕೈ, ಯಾವುದನ್ನೂ ಅವಳು ಬಿಟ್ಟವಳಲ್ಲ. ತಾಳಿ ತೆಗೆಯಲಾರೆ ಎಂದು ಹಟ ಹಿಡಿದ ಅಜ್ಜಿಯರನ್ನು ಪುಸಲಾಯಿಸಿ ತೆಗೆಸುತ್ತಿದ್ದಳು. ಜೇಬಿನಲ್ಲಿ ಪೆನ್ನು ಸಿಕ್ಕಿಸಿಕೊಂಡು ಒಳಗೆ ನುಗ್ಗಿದ ದೊಡ್ಡ ಸರ್ಜನ್ ಒಬ್ಬನನ್ನು ಬಾಗಿಲಲ್ಲೇ ತಡೆದು ಮುಖಕ್ಕೆ ಹೊಡೆದ ಹಾಗೆ ಬೈದು ಕಳಿಸಿದ್ದಳು.

ಇಂಥ ಹೆಂಗಸು ತನ್ನ ಕೈಯಾರೆ ಗಂಡನ ದಿಕ್ಸೂಚಿಯ ಪಕ್ಕದಲ್ಲಿ ಅಯಸ್ಕಾಂತವನ್ನು ಇಟ್ಟು ಬಂದಳು. ಕೇಳಿದವರು ನಂಬುವುದಿಲ್ಲ. ನಂಬಿದವರಿಗೆ ಗಂಡ ಹೆಂಡಿರಿಬ್ಬರ ಮೇಲೂ ಸಿಟ್ಟು ಬಂದರೆ ಅದರಲ್ಲಿ ತಪ್ಪೇನಿಲ್ಲ.

ಸೀತಾಬಾಯಿ ಧಾರವಾಡದವಳು. ಗಂಡ ರಾಜಗೋಪಾಲ ಮೈಸೂರಿನವನು. ಅವನು ಎಣ್ಣೆ ಕಂಪನಿಯೊಂದರಲ್ಲಿ ಒತ್ತಡ ಅಳೆಯುವ ಮಾಪಕಗಳನ್ನು ನೋಡಿಕೊಳ್ಳುವ ಎಂಜಿನಿಯರ್. 2015ರಲ್ಲಿ ಎಣ್ಣೆಯ ಬೆಲೆ ನೆಲ ಕಚ್ಚಿದಾಗ ಕಂಪನಿಯವರು ಅವನನ್ನು ನಿವೃತ್ತಿಗೆ ಮುಂಚೆಯೇ ಮನೆಗೆ ಕಳಿಸಿದರು. ಇಂಥ ಹೊತ್ತಿನಲ್ಲಿ ಗಂಡಸರು ಗಾಲ್ಫ್ ಆಡುತ್ತಾರೆ, ಇಲ್ಲವೇ ಹಿತ್ತಲಲ್ಲಿ ಬದನೆಕಾಯಿ ಬೆಳೆಯುತ್ತಾರೆ. ಇವನು ಒಂದು ಹಳೆಯ ಹಾಯಿದೋಣಿ ಕೊಂಡ. ಅದಕ್ಕೆ 'ಕಾವೇರಿ' ಎಂದು ಹೆಸರಿಟ್ಟು, ಹ್ಯೂಸ್ಟನ್ನಿನ ಹತ್ತಿರ ಕೊಲ್ಲಿಯ ದಡದಲ್ಲಿರುವ ಕೀಮಾ ಎಂಬ ಊರಿನ ದೋಣಿಕಟ್ಟೆಯಲ್ಲಿ ಕಟ್ಟಿದ. ಸೀತಾಬಾಯಿಗೆ ನೀರೆಂದರೆ ಆಗದು. ಕಟ್ಟಿ ಹಾಕಿದ ದೋಣಿಗೆ ಹತ್ತಿ ಇಳಿದದ್ದು ಬಿಟ್ಟರೆ ಗಂಡ ಅದನ್ನು ನಡೆಸುವುದನ್ನು ಅವಳು ಒಮ್ಮೆಯೂ ನೋಡಲಿಲ್ಲ.

ದೋಣಿಯ ಜೊತೆಗೆ ಒಂದು ಹುಚ್ಚೂ ಬಂತು. ಯುರೋಪಿನವರು ಐನೂರು ವರ್ಷದ ಹಿಂದೆ, ಕೈಯಲ್ಲಿ ಏನು ಹಿಡಿದುಕೊಂಡು ಅಷ್ಟು ದೊಡ್ಡ ಸಮುದ್ರಕ್ಕೆ ಇಳಿದರು? ಅವನು ಓದಿದ್ದೂ ಅದೇ, ಊಟದ ತಟ್ಟೆಯ ಮುಂದೆ ಮಾತಾಡಿದ್ದೂ ಅದೇ. ಕೇಳಿ ಕೇಳಿ ಸೀತಾಬಾಯಿಗೂ ಬಾಯಿಪಾಠವಾಯಿತು. ಚೀನಾದವರಿಗೆ ಮೊದಲು ಗೊತ್ತಾದ, ಉತ್ತರ ತೋರಿಸುವ ಸೂಜಿ ಯುರೋಪಿಗೆ ಮುಟ್ಟಿದ ಮೇಲೆ, ಮೋಡ ಮುಚ್ಚಿದ ಚಳಿಗಾಲದಲ್ಲೂ ಅಲ್ಲಿನ ಹಡಗುಗಳು ದಡ ಬಿಡುವ ಧೈರ್ಯ ಮಾಡಿದವು. ಪೋರ್ಚುಗೀಸರು ಆಫ್ರಿಕಾದ ದಡ ಹಿಡಿದು ತೆಂಕಣಕ್ಕೆ ಇಳಿದಂತೆ ಧ್ರುವನಕ್ಷತ್ರ ದಿನದಿನಕ್ಕೆ ಕೆಳಗಿಳಿಯಿತು. ಭೂಮಧ್ಯರೇಖೆ ದಾಟಿದಾಗ ಮುಳುಗಿಯೇ ಹೋಯಿತು. ಆಗ ಅವರು ಹಿತ್ತಾಳೆಯ ಚಕ್ರವೊಂದನ್ನು ತೂಗುಹಾಕಿ ಮಧ್ಯಾಹ್ನದ ಸೂರ್ಯನ ಎತ್ತರ ಅಳೆಯುವುದನ್ನು ಕಲಿತರು. ಅದರಿಂದ ಉತ್ತರಕ್ಕೆಷ್ಟು, ದಕ್ಷಿಣಕ್ಕೆಷ್ಟು ಎಂಬುದು ತಿಳಿಯಿತು. ಪೂರ್ವಕ್ಕೆಷ್ಟು, ಪಶ್ಚಿಮಕ್ಕೆಷ್ಟು ಎಂಬುದು ಮಾತ್ರ ಮುಂದೆ ಎಷ್ಟೋ ತಲೆಮಾರು ಯಾರಿಗೂ ತಿಳಿಯಲಿಲ್ಲ. ಅದಕ್ಕೆ ಬೇಕಾದದ್ದು ಅಲುಗುವ ಹಡಗಿನಲ್ಲೂ ಕೆಡದ ಗಡಿಯಾರ, ಮತ್ತು ಆ ಕಾಲಕ್ಕೆ ಅದು ಇರಲಿಲ್ಲ.

"ಅಲ್ಲೀತನಕ ಏನ್ ಮಾಡಿದ್ರು ಗೊತ್ತಾ?" ಎಂದು ರಾಜಗೋಪಾಲ ತುತ್ತು ಕೈಯಲ್ಲಿ ಹಿಡಿದೇ ಕೇಳುತ್ತಿದ್ದ. "ಅಂದಾಜು! ಮುಳ್ಳು ಯಾವ ದಿಕ್ಕು ತೋರಿಸುತ್ತೋ ಅದು, ಹಗ್ಗಕ್ಕೆ ಕಟ್ಟಿ ಎಸೆದ ಹಲಗೆ ಎಷ್ಟು ಬೇಗ ಹಿಂದೆ ಸರೀತೋ ಅದು, ಮರಳಿನ ಗಡಿಯಾರ ಎಷ್ಟು ಸಲ ಖಾಲಿಯಾಯ್ತೋ ಅದು. ಮೂರನ್ನೂ ಕೂಡಿಸಿ ನಕ್ಷೆ ಮೇಲೆ ಒಂದು ಚುಕ್ಕೆ. ಆ ಚುಕ್ಕೆಯಿಂದ ಮುಂದಿನ ಚುಕ್ಕೆ. ಮೊದಲನೇ ಚುಕ್ಕೆ ತಪ್ಪಿದ್ರೆ ಮುಗೀತು ನೋಡು, ಅದರ ಮೇಲೆ ಎಷ್ಟು ಸರಿಯಾಗಿ ಲೆಕ್ಕ ಹಾಕಿದ್ರೂ ತಪ್ಪೇ. ಹಾಗೇ ಲೆಕ್ಕ ಹಾಕ್ಕೊಂಡು ಹೋಗಿ ಬಂಡೆಗೆ ಹೊಡಕೊಂಡ ಹಡಗುಗಳು ಎಷ್ಟಿವೆ ಅಂತೀಯಾ!"

"ಅನ್ನ ಆರತದ, ಉಣ್ರಿ," ಎನ್ನುತ್ತಿದ್ದಳು ಸೀತಾಬಾಯಿ.

"ಆ ಸೂಜಿ ಇಲ್ದಿದ್ರೆ ನಿಮ್ಮ ಬ್ಯಾಡಗಿ ಮೆಣಸಿನಕಾಯಿ ಎಲ್ಲಿರ್ತಿತ್ತು? ಮೆಣಸಿನಕಾಯಿ ಬಂದಿದ್ದೇ ಪೋರ್ಚುಗೀಸರ ಹಡಗಲ್ಲಿ."

"ನಿಮ್ಮ ಮೈಸೂರು ಸಾರಿಗೂ ಅದ ಬೇಕಲ್ಲ," ಎಂದು ಅವಳು ಬಾಯಿ ಮುಚ್ಚಿಸುತ್ತಿದ್ದಳು.

ಈ ಮಾತುಗಳು ಮನೆಯಲ್ಲೇ ಉಳಿದಿದ್ದರೆ ಚೆನ್ನಾಗಿತ್ತು. ಡಲ್ಲಾಸ್ ಕಡೆಯ ಕನ್ನಡಿಗರು ಫಾರ್ಮರ್ಸ್ ಬ್ರಾಂಚ್ ಎಂಬ ಊರಿನ ಒಂದು ಸಭಾಂಗಣದಲ್ಲಿ ರಾಜ್ಯೋತ್ಸವ ಮಾಡಿದಾಗ ಅವನನ್ನು ಭಾಷಣಕ್ಕೆ ಕರೆದರು. ಅವನು ತಾನೇ ಮಾಡಿದ ಹಿತ್ತಾಳೆ ಚಕ್ರ, ಗಂಟು ಹಾಕಿದ ಹಗ್ಗ, ಮರಳಿನ ಗಡಿಯಾರ ಎಲ್ಲ ಹೊತ್ತುಕೊಂಡು ಹೋಗಿ ಮೈಮರೆತು ಮಾತಾಡಿದ. ಹಳೆಯ ನಾವಿಕರು ದಿಕ್ಸೂಚಿಯ ಹತ್ತಿರ ಕಬ್ಬಿಣದ ಚಾಕು ಬರಗೊಡುತ್ತಿರಲಿಲ್ಲ, ಬೆಳ್ಳುಳ್ಳಿ ತಿಂದವನ ಉಸಿರು ತಾಗಿದರೂ ಮುಳ್ಳು ಕೆಡುತ್ತದೆ ಎಂದು ಕೆಲವರು ನಂಬಿದ್ದರು ಎಂದಾಗ ಸಭೆ ನಕ್ಕಿತು. ಮುಗಿದ ಮೇಲೆ ಹಿಂದಿನ ಸಾಲಿನಿಂದ ಒಬ್ಬ ಸಾಫ್ಟ್‌ವೇರಿನವನು ಎದ್ದು ನಿಂತ.

"ಅಂಕಲ್, ನೀವು ಇವತ್ತು ಹ್ಯೂಸ್ಟನ್ನಿಂದ ಇಲ್ಲಿಗೆ ಜಿಪಿಎಸ್ ಹಾಕ್ಕೊಂಡೇ ಡ್ರೈವ್ ಮಾಡಿದ್ದು ತಾನೇ?"

ಈ ಸಲ ಸಭೆ ಇನ್ನೂ ಜೋರಾಗಿ ನಕ್ಕಿತು. ರಾಜಗೋಪಾಲನೂ ನಕ್ಕ. ಆದರೆ ಪಕ್ಕದಲ್ಲಿ ಕೂತಿದ್ದ ಸೀತಾಬಾಯಿಗೆ ಅವನ ಕಿವಿ ಕೆಂಪಾದದ್ದು ಕಂಡಿತು. ಹಿಂತಿರುಗುವ ದಾರಿಯಲ್ಲಿ ಅವನು ಫೋನು ಆರಿಸಿಟ್ಟು ಕಾರು ಓಡಿಸಿದ. ದಾರಿ ತಪ್ಪಿ ಯಾವುದೋ ಊರಿನ ದನದ ಸಂತೆಯ ಮುಂದೆ ನಿಂತಾಗಲೂ ಫೋನು ಮುಟ್ಟಲಿಲ್ಲ. ಇವನು ಮುಂದೆ ಇನ್ನೇನು ಮಾಡಿಯಾನೋ ಎಂಬ ಭಯ ಅಂದೇ ಅವಳಿಗೆ ಹೊಕ್ಕಿತು.

ಸಂಕ್ರಾಂತಿ ಮುಗಿದ ವಾರ ಅವನು ತೀರ್ಮಾನ ಹೇಳಿದ. ಕೀಮಾದಿಂದ ಗ್ಯಾಲ್ವೆಸ್ಟನ್ ಕೊಲ್ಲಿಯನ್ನು ಅಡ್ಡಲಾಗಿ ದಾಟಿ ನೇರ ಪೂರ್ವಕ್ಕಿರುವ ಸ್ಮಿತ್ ಪಾಯಿಂಟಿಗೆ ಹೋಗುವುದು. ಮುಳ್ಳು, ಹಗ್ಗ, ಮರಳು, ಇಷ್ಟೇ. ಫೋನು, ರೇಡಿಯೋ ಎಲ್ಲ ಆರಿಸಿ ಪೆಟ್ಟಿಗೆಯಲ್ಲಿ ಬೀಗ. ಆಚೆ ದಡದಲ್ಲಿ ಬಾಗಲಕೋಟೆಯ ಗೆಳೆಯ ಸಂಗಮೇಶ್ ಕಾರು ತಂದು ಕಾಯುತ್ತಾನೆ.

"ನಡುವ ದೊಡ್ಡ ಹಡಗು ಓಡಾಡೂ ಕಾಲುವೆ ಅದ ಅಂತ ನೀವs ಹೇಳಿದ್ರಿ."

"ದಾಟೋದು ಎಷ್ಟು ಹೊತ್ತು ಸೀತಾ? ರಸ್ತೆ ದಾಟಿದ ಹಾಗೆ."

ಅವಳು ಅತ್ತಳು, ಬೈದಳು, ಎರಡು ದಿನ ಮಾತು ಬಿಟ್ಟಳು. ಯಾವುದೂ ನಡೆಯಲಿಲ್ಲ. ಕೊನೆಗೆ ದೋಣಿಗೆ ಪೂಜೆಯನ್ನಾದರೂ ಮಾಡಿಕೊಡುತ್ತೇನೆ ಎಂದಳು. "ಚಕ್ರಾನೇ ಇಲ್ವಲ್ಲ, ನಿಂಬೆಹಣ್ಣು ಎಲ್ಲಿಡ್ತೀಯಾ?" ಎಂದು ಅವನು ಕೆಣಕಿದ. ಅವಳಿಗೆ ರೇಗಿತು. ಇನ್ನು ಕೇಳಿ ಮಾಡುವುದೇನೂ ಇಲ್ಲ ಎಂದುಕೊಂಡಳು.

ಹೊರಡುವ ಹಿಂದಿನ ದಿನ, ಚಕ್ಕುಲಿ ಡಬ್ಬಿ ಇಟ್ಟು ಬರುವ ನೆಪದಲ್ಲಿ ಒಬ್ಬಳೇ ಕೀಮಾಕ್ಕೆ ಹೋದಳು. ಹಿಲ್‌ಕ್ರಾಫ್ಟ್ ಬೀದಿಯ ಇಂಡಿಯನ್ ಅಂಗಡಿಯಲ್ಲಿ ಕಾರಿನ ಡ್ಯಾಶ್‌ಬೋರ್ಡಿಗೆ ಕೂರಿಸುವ ಗಣಪ ಸಿಗುತ್ತದೆ, ಜೋಡಿಯಾಗಿ. ಒಂದು ಅವಳ ಕಾರಿನಲ್ಲಿತ್ತು, ಇನ್ನೊಂದು ದೇವರ ಕಪಾಟಿನಲ್ಲಿತ್ತು. ಅದನ್ನು ತಂದಿದ್ದಳು. ದಿಕ್ಸೂಚಿ ಕೂರಿಸಿದ ಹಲಗೆಯ ಕೆಳಗೆ ಒಂದು ಸಣ್ಣ ಗೂಡಿದೆ. ಅದರ ಒಳತುದಿಯಲ್ಲಿ, ಎಡಗಡೆ ಮೂಲೆಗೆ, ಅಂಟುಬಿಲ್ಲೆ ಒತ್ತಿ ಗಣಪನನ್ನು ಕೂರಿಸಿ ಅರಿಸಿನ ಕುಂಕುಮ ಹಚ್ಚಿದಳು. ಬಗ್ಗಿ ಕೈ ಹಾಕಿದರಷ್ಟೇ ಸಿಗಬೇಕು, ಹಾಗೆ. ಕಂಡರೆ ಆಡಿಕೊಳ್ಳುತ್ತಾನೆ, ಆಡಿಕೊಂಡು ತೆಗೆದಿಡುತ್ತಾನೆ ಎಂದು ಅವಳ ಹೆದರಿಕೆ.

ಗಣಪನ ಪೀಠದ ತಳದಲ್ಲಿ ಆ ಬಿಲ್ಲೆಯ ತಗಡನ್ನು ಕಚ್ಚಿಕೊಳ್ಳಲು ಗಟ್ಟಿ ಅಯಸ್ಕಾಂತವಿತ್ತು. ಅದು ಅವಳಿಗೆ ಹೊಳೆಯಲಿಲ್ಲ. ಇಪ್ಪತ್ತು ವರ್ಷ ಜನರ ಮೈಮೇಲಿನ ಲೋಹ ಹುಡುಕಿದ ಅವಳ ಕಣ್ಣಿಗೆ ಅದು ವಸ್ತುವೇ ಆಗಿರಲಿಲ್ಲ. ದೇವರನ್ನು ವಸ್ತುಗಳ ಲೆಕ್ಕಕ್ಕೆ ಸೇರಿಸುವ ಅಭ್ಯಾಸ ಅವಳಿಗಿರಲಿಲ್ಲ.

ಮರುದಿನ ಶನಿವಾರ ಬೆಳಿಗ್ಗೆ ರಾಜಗೋಪಾಲ ಹೊರಟಾಗ ಬಿಸಿಲಿತ್ತು. ಸೀತಾಬಾಯಿ ಕೆಲಸಕ್ಕೆ ಹೋದಳು. ಮಧ್ಯಾಹ್ನದ ಹೊತ್ತಿಗೆ ಒಬ್ಬ ರೋಗಿಯ ಕೊರಳ ಸರ ತೆಗೆಸುತ್ತಿದ್ದಾಗ ಕಿಟಕಿಯಾಚೆ ಬೆಳಕು ಮಂಕಾದದ್ದು ಅವಳಿಗೆ ಕಂಡಿತು. ಕೊಲ್ಲಿಯ ಮೇಲೆ ಚಳಿಗಾಲದಲ್ಲಿ ಬೀಳುವ ಮಂಜು ಎಂಥದೆಂದು ಹ್ಯೂಸ್ಟನ್ನಿನವರಿಗೆ ಹೇಳಬೇಕಾಗಿಲ್ಲ. ಸಮುದ್ರದ ಕಡೆಯಿಂದ ಗೋಡೆಯಂತೆ ಬರುತ್ತದೆ, ಬಂದ ಮೇಲೆ ಹೋಗುವುದೇ ಇಲ್ಲ. ಅವಳು ಎರಡು ಗಂಟೆಗೆ ಮನೆಗೆ ಬಂದು ಕೈಕಾಲು ತೊಳೆಯುವಷ್ಟರಲ್ಲಿ ಸಂಗಮೇಶನ ಫೋನು ಬಂತು.

"ವೈನಿ, ಅಣ್ಣಾರು ಇನ್ನೂ ಮುಟ್ಟಿಲ್ಲರಿ. ಇಲ್ಲಿ ಮಂಜು ಹೆಂಗ ಬಿದ್ದದ ಅಂದ್ರ ನನ್ನ ಕೈ ನನಗ ಕಾಣವಲ್ದು. ಹಡಗಿನ ಭೋಂಗಾ ಅಷ್ಟ ಕೇಳಾಕ ಹತ್ತೇದ. ನಾ ಕರಾವಳಿ ರಕ್ಷಣಾ ದಳದವರಿಗೆ ಫೋನ್ ಮಾಡೇನಿ."

"ಮುಳ್ಳು ಅದ ಅಲ್ಲೋ ಅವರ ಹತ್ರ," ಎಂದಳು ಸೀತಾಬಾಯಿ. "ಮಂಜಿದ್ರೂ ದಾರಿ ತಪ್ಪೂದಿಲ್ಲ. ಅದಕ್ಕs ಅಲ್ಲೇನು ಮುಳ್ಳು ಇರೂದು."

ಹೇಳುತ್ತ ಹೇಳುತ್ತ ಅವಳ ನಾಲಗೆ ನಿಂತಿತು. ಮುಳ್ಳಿನ ಕೆಳಗೆ, ಎಡಗಡೆ ಮೂಲೆಗೆ, ತಾನು ಏನಿಟ್ಟು ಬಂದೆ ಎಂಬುದು ಆಗ ನೆನಪಾಯಿತು. ಫೋನು ಸೋಫಾದ ಮೇಲೆ ಬಿತ್ತು, ಒಳಗಿನಿಂದ ಸಂಗಮೇಶ್ "ವೈನಿ, ವೈನಿ" ಎನ್ನುತ್ತಲೇ ಇದ್ದ.

ಕಾರಿಗೆ ಓಡಿ ಅಲ್ಲಿದ್ದ ಗಣಪನನ್ನು ಕಿತ್ತು ತಂದಳು. ರಾಜಗೋಪಾಲನ ಮೇಜಿನ ಮೇಲೆ, ಭಾಷಣಗಳಿಗೆ ಒಯ್ಯಲೆಂದು ಕೊಂಡ, ದೋಣಿಯಲ್ಲಿದ್ದಂಥದ್ದೇ ಇನ್ನೊಂದು ದಿಕ್ಸೂಚಿ ಇತ್ತು. ಅದನ್ನು ಪುಸ್ತಕಗಳ ಮೇಲೆ ಎತ್ತರಿಸಿಟ್ಟು, ಗೂಡಿನ ಆಳ ನೆನಪು ಮಾಡಿಕೊಂಡು, ಗಣಪನನ್ನು ಕೆಳಗೆ ಎಡಕ್ಕೆ ಸರಿಸಿದಳು. ಮುಳ್ಳು ಬೆಚ್ಚಿದಂತೆ ತಿರುಗಿ ಬೇರೆ ಕಡೆ ನಿಂತಿತು. ತೆಗೆದಳು, ಇಟ್ಟಳು. ಪ್ರತಿ ಸಲವೂ ಅಷ್ಟೇ ತಿರುಗಿತು. ಯಾವ ಕಡೆಗೆ ಮೂತಿ ಮಾಡಿದರೆ ಈ ಕೆಟ್ಟ ಮುಳ್ಳು ಪೂರ್ವ ಎನ್ನುತ್ತದೆ ಎಂದು ಎರಡನ್ನೂ ಹಾಗೆಯೇ ಕುರ್ಚಿಯ ಮೇಲಿಟ್ಟು, ಅದನ್ನೇ ದೋಣಿ ಮಾಡಿಕೊಂಡು ತಿರುಗಿಸಿ ನೋಡಿದಳು. ಪೂರ್ವ ಎಂದು ಮುಳ್ಳು ಹೇಳಿದಾಗ ಕುರ್ಚಿಯ ಮುಖ ಆಗ್ನೇಯಕ್ಕಿತ್ತು. ಗಂಡ ಊಟದ ಹೊತ್ತಿನಲ್ಲಿ ಉಣಿಸಿದ ವಿದ್ಯೆಯೆಲ್ಲ ಆ ಗಳಿಗೆಯಲ್ಲಿ ಕೈಗೆ ಬಂತು. ನಕ್ಷೆ ಹಾಸಿ ಕೀಮಾದಿಂದ ಗೆರೆ ಎಳೆದಳು. ಗೆರೆ ಸ್ಮಿತ್ ಪಾಯಿಂಟಿನ ಹತ್ತಿರವೂ ಸುಳಿಯದೆ ದೂರ ದಕ್ಷಿಣಕ್ಕೆ, ರೆಡ್‌ಫಿಶ್ ದ್ವೀಪದ ಕಡೆಗೆ ಇಳಿಯಿತು.

ಆಸ್ಟಿನ್‌ನಲ್ಲಿದ್ದ ಮಗಳು ಮಾನ್ಯಾಳಿಗೆ ಸಂಗಮೇಶ್ ಆಗಲೇ ಸುದ್ದಿ ಮುಟ್ಟಿಸಿದ್ದ. ಅವಳು ಕಾರು ಹತ್ತಿ, ದಾರಿಯಿಂದ ಫೋನು ಮಾಡಿದಳು. ಸೀತಾಬಾಯಿ ನಡೆದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದಳು.

"ಅಮ್ಮಾ, ಆರ್ ಯು ಶೂರ್? ಅಪ್ಪ ಅದನ್ನ ನೋಡಿಲ್ಲ ಅಂತ?"

"ನಿಮ್ಮಪ್ಪಗ ಫ್ರಿಜ್ಜಿನಾಗ ಕಣ್ಣೆದುರು ಇದ್ದ ಮೊಸರು ಕಾಣಸೂದಿಲ್ಲ! ಮೂವತ್ತು ವರ್ಷ ಆತು, ಉಪ್ಪಿನ ಡಬ್ಬಿ ಎಲ್ಲದ ಅಂತ ಇವತ್ತಿಗೂ ಕೇಳ್ತಾರ. ಗೂಡಿನಾಗ ಕೈ ಹಾಕಿ ಹುಡುಕ್ತಾರೇನು ಅವರು?"

ಮಾನ್ಯಾಗೂ ಅದು ಹೌದೆನಿಸಿತು. ಆ ಮನೆಯಲ್ಲಿ ಬೆಳೆದ ಯಾರಿಗಾದರೂ ಹೌದೆನಿಸುತ್ತಿತ್ತು.

ರಕ್ಷಣಾ ದಳದ ಅಧಿಕಾರಿಗೆ ಸೀತಾಬಾಯಿ ಇಂಗ್ಲಿಷಿನಲ್ಲಿ ನಿಧಾನವಾಗಿ, ರೋಗಿಗಳಿಗೆ ಹೇಳುವಷ್ಟು ಸ್ಪಷ್ಟವಾಗಿ ಎಲ್ಲವನ್ನೂ ವಿವರಿಸಿದಳು. ಮಂಜಿನಲ್ಲಿ ಹೆಲಿಕಾಪ್ಟರ್ ಹಾರುವಂತಿರಲಿಲ್ಲ. ಆ ದಿನ ಕೊಲ್ಲಿಯಲ್ಲಿ ಬೇರೆ ಅವಘಡಗಳೂ ಆಗಿದ್ದವು, ರಾಜಗೋಪಾಲನನ್ನು ಹುಡುಕಲು ದಳದ ಬಳಿ ಉಳಿದದ್ದು ಒಂದೇ ದೋಣಿ. ಅದು ಆಮೆಯಂತೆ ಹೋಗಬೇಕು, ಒಂದು ಜಾಗ ಹುಡುಕಿದರೆ ಇನ್ನೊಂದು ಜಾಗ ನಾಳೆಗೆ. ಅಧಿಕಾರಿ ಮತ್ತೆ ಮತ್ತೆ ಕೇಳಿದ. ದಿಕ್ಸೂಚಿ ತಪ್ಪು ತೋರಿಸಿದ್ದು ಖಚಿತವೇ? ಎಷ್ಟು ತಪ್ಪು? ಯಾವ ಕಡೆಗೆ?

"ನನ್ನ ಕೆಲಸವೇ ಅಯಸ್ಕಾಂತದ್ದು," ಎಂದಳು ಸೀತಾಬಾಯಿ. "ದಕ್ಷಿಣಕ್ಕೆ ಹೋಗಿ. ದಯವಿಟ್ಟು ಬೇಗ ಹೋಗಿ."

ಅವರು ದಕ್ಷಿಣಕ್ಕೆ ಹೋದರು.

ಮಾನ್ಯಾ ಬಂದ ಮೇಲೆ ತಾಯಿ ಮಗಳು ಕೀಮಾದ ದೋಣಿಕಟ್ಟೆಗೆ ಹೋಗಿ ಕೂತರು. 'ಕಾವೇರಿ' ಕಟ್ಟುತ್ತಿದ್ದ ಜಾಗ ಖಾಲಿಯಿತ್ತು. ನೀರು ಇದೆಯೆಂಬುದು ಕಣ್ಣಿಗೆ ಕಾಣುತ್ತಿರಲಿಲ್ಲ, ಕಂಬಗಳಿಗೆ ತಾಗುವ ಸದ್ದಿನಿಂದಷ್ಟೇ ತಿಳಿಯುತ್ತಿತ್ತು. ದೂರದಲ್ಲಿ, ಕಾಲುವೆಯ ಕಡೆಯಿಂದ, ಕಾಣದ ಹಡಗುಗಳು ಒಂದಾದ ಮೇಲೊಂದು ಕೂಗುತ್ತಿದ್ದವು. ಪ್ರತಿ ಕೂಗಿಗೂ ಸೀತಾಬಾಯಿ ಮಗಳ ಕೈ ಹಿಚುಕಿದಳು. ಆದರೂ ಒಳಗೊಳಗೆ ಅವಳಿಗೆ ಒಂದು ಧೈರ್ಯವಿತ್ತು, ಅದನ್ನು ಹೇಳದೆ ಬಿಟ್ಟರೆ ಅನ್ಯಾಯವಾದೀತು. ತಪ್ಪು ತನ್ನದು, ಆದರೆ ತಪ್ಪು ಎಷ್ಟೆಂಬುದು ಗೊತ್ತಾಗಿದೆ. ಗಂಡ ಆ ಹಡಗಿನ ದಾರಿ ಬಿಟ್ಟು ದಕ್ಷಿಣದ ಕಡೆ ಎಲ್ಲೋ ಕಕ್ಕಾಬಿಕ್ಕಿಯಾಗಿ ಸುತ್ತುತ್ತಿದ್ದಾನೆ. ಸಿಕ್ಕಿದ ಮೇಲೆ ಕಾಲು ಹಿಡಿದು ಹೇಳಿಬಿಡುತ್ತೇನೆ. ಅವನು ಇದನ್ನೇ ಮುಂದಿನ ಭಾಷಣದಲ್ಲಿ ಹೇಳಿ ಸಭೆಯನ್ನು ನಗಿಸುತ್ತಾನೆ. ನಗಿಸಲಿ.

ಬೆಳಗಾದಾಗ ಮಂಜು ಸ್ವಲ್ಪ ಸರಿಯಿತು. ಸೀಗಡಿ ಹಿಡಿಯುವ ದೋಣಿಯವನೊಬ್ಬ 'ಕಾವೇರಿ'ಯನ್ನು ಕಂಡು ರೇಡಿಯೋದಲ್ಲಿ ಹೇಳಿದ. ದೋಣಿ ಮಗುಚಿತ್ತು. ರಾಜಗೋಪಾಲ ತೇಲುಜಾಕೀಟು ಹಾಕಿಕೊಂಡು, ತನ್ನ ಗಂಟಿನ ಹಗ್ಗದಿಂದ ದೋಣಿಗೆ ತನ್ನನ್ನು ಬಿಗಿದುಕೊಂಡಿದ್ದ. ಜೀವ ಹೋಗಿತ್ತು.

ಅಧಿಕಾರಿ ತಾನೇ ದೋಣಿಕಟ್ಟೆಗೆ ಬಂದ. ವಯಸ್ಸಾದವನು, ಮಾತು ಮೆತ್ತಗೆ. ದೊಡ್ಡ ಹಡಗೊಂದು ಎಬ್ಬಿಸಿದ ಅಲೆಗೆ ದೋಣಿ ಮಗುಚಿರಬೇಕು, ಆ ಮೇಲೆ ತಣ್ಣೀರಿನಲ್ಲಿ ಬಹಳ ಹೊತ್ತು ತಾಳಿಕೊಂಡಿದ್ದಾರೆ ಎಂದ. ನಕ್ಷೆ ಬಿಚ್ಚಿ ಸಿಕ್ಕಿದ ಜಾಗ ತೋರಿಸಿದ. ಅದು ರೆಡ್‌ಫಿಶ್ ದ್ವೀಪದ ಹತ್ತಿರ ಇರಲಿಲ್ಲ. ಕೀಮಾದಿಂದ ಸ್ಮಿತ್ ಪಾಯಿಂಟಿಗೆ ಎಳೆದ ನೇರ ಗೆರೆಯ ಪಕ್ಕದಲ್ಲೇ, ಕಾಲುವೆಯ ಆಚೆಗೆ ಇತ್ತು.

"ಮಂಜಿನಲ್ಲಿ, ಬರೀ ದಿಕ್ಸೂಚಿ ನಂಬಿಕೊಂಡು, ಇಷ್ಟು ನೇರವಾಗಿ ಹೋದವರನ್ನು ನಾನು ಕಂಡಿಲ್ಲ ಮೇಡಂ," ಎಂದ. ಸಮಾಧಾನಕ್ಕೆಂದೇ ಹೇಳಿದ ಮಾತು ಅದು.

"ಗೂಡಿನಲ್ಲಿ ಒಂದು ಗಣಪ ಇತ್ತು," ಎಂದಳು ಸೀತಾಬಾಯಿ.

"ಆನೆಮುಖದ ಸಣ್ಣ ಗೊಂಬೆಯೇ? ಗೂಡಿನಲ್ಲಿರಲಿಲ್ಲ. ದೋಣಿಯ ಮೂತಿಯಲ್ಲಿ, ಲಂಗರಿನ ಕಬ್ಬಿಣಕ್ಕೆ ಅಂಟಿಸಿದ್ದರು. ಮುಖ ಮುಂದಕ್ಕೆ ಮಾಡಿ."

ಸೀತಾಬಾಯಿಗೆ ಎಲ್ಲವೂ ತಿಳಿಯಿತು. ಹೊರಡುವ ಮೊದಲು ಅವನು ಮುಳ್ಳನ್ನು ಪರೀಕ್ಷಿಸಿದ್ದಾನೆ. ಸುಳ್ಳು ಹೇಳುತ್ತಿದೆ ಎಂದು ಕಂಡುಕೊಂಡಿದ್ದಾನೆ. ಬಗ್ಗಿ, ಗೂಡಿನಲ್ಲಿ ಕೈ ಹಾಕಿ, ಹುಡುಕಿ ತೆಗೆದಿದ್ದಾನೆ. ಬಿಸಾಡದೆ, ಯಾರಿಗೂ ಹೇಳದೆ, ಹೆಂಡತಿಯ ದೇವರನ್ನು ದಿಕ್ಸೂಚಿಗೆ ತಾಗದಷ್ಟು ದೂರದಲ್ಲಿ, ದೋಣಿಗೆ ಎಲ್ಲಕ್ಕಿಂತ ಮುಂದೆ ಕೂರಿಸಿದ್ದಾನೆ. ಉಪ್ಪಿನ ಡಬ್ಬಿ ಕಾಣದ ಮನುಷ್ಯ ಅವಳ ಅಡುಗೆಮನೆಯಲ್ಲಿದ್ದ. ದೋಣಿಯಲ್ಲಿದ್ದವನನ್ನು ಅವಳು ಒಂದು ದಿನವೂ ನೋಡಿರಲಿಲ್ಲ.

ಅವಳು ನಕ್ಷೆಯನ್ನು ತನ್ನ ಕಡೆಗೆ ಎಳೆದುಕೊಂಡಳು.

"ನಿನ್ನೆ ನಾನು ಫೋನು ಮಾಡದೇ ಇದ್ದಿದ್ದರೆ, ನೀವು ಮೊದಲು ಎಲ್ಲಿ ಹುಡುಕುತ್ತಿದ್ದಿರಿ?"

"ಅಮ್ಮಾ, ಪ್ಲೀಸ್ ಡೋಂಟ್," ಎಂದು ಮಾನ್ಯಾ ತಾಯಿಯ ತೋಳು ಹಿಡಿದಳು.

"ನನಗ ಬೇಕದು. ಹೇಳ್ಲಿ ಅವ," ಎಂದು ಸೀತಾಬಾಯಿ ಮಗಳ ಕೈ ಬಿಡಿಸಿಕೊಂಡಳು. ಅಧಿಕಾರಿಯ ಮುಖವನ್ನೇ ನೋಡುತ್ತ ಅದೇ ಪ್ರಶ್ನೆಯನ್ನು ಇನ್ನೊಮ್ಮೆ ಕೇಳಿದಳು.

ಅವನು ಕೀಮಾದ ಮೇಲೆ ಬೆರಳಿಟ್ಟು, ನೇರ ಗೆರೆಯ ಗುಂಟ ಪೂರ್ವಕ್ಕೆ ಎಳೆದ.

"ಹೀಗೆ," ಎಂದ. "ಕತ್ತಲಾಗುವ ಮೊದಲು ಅವರ ಹತ್ತಿರ ತಲುಪುತ್ತಿದ್ದೆವು."